ರಕ್ತ ಕೊಟ್ಟವರಿಗೆ ಉತ್ತರ ಸಿಗಬೇಡವೇ?

ಕೆಲವು ವರ್ಷಗಳ ಹಿಂದೆ, ಆಟಿ ತಿಂಗಳ ಒಂದು ಬೆಳಗ್ಗೆ ನಮ್ಮ ಮನೆಯಂಗಳಕ್ಕೆ ಬಿಳಿ ಕೋಟು ಹಾಕಿದ ಮೂವರು ಬಂದರು. ಇಬ್ಬರು ಹುಡುಗಿಯರು, ಒಬ್ಬ ಹುಡುಗ. ವೈದ್ಯಕೀಯ ಕಲಿಯುವ ಮಕ್ಕಳು. ಐವತ್ತು ದಾಟಿದವರ ಆರೋಗ್ಯದ ಬಗ್ಗೆ ಒಂದು ಸ್ಟಡಿ ಮಾಡುತ್ತಿದ್ದೇವೆ, ಸ್ವಲ್ಪ ರಕ್ತ ಬೇಕು ಎಂದರು. ಹಿಂದಿನ ದಿನವೇ ಹೇಳಿ ಹೋಗಿದ್ದರಿಂದ ನಮ್ಮ ದೊಡ್ಡಮ್ಮ ಚಹಾ ಕೂಡ ಕುಡಿಯದೆ ಜಗಲಿಯಲ್ಲಿ ಕೂತಿದ್ದರು. ಬೀಡಿ ಕಟ್ಟಿ ಮೂರು ಮಕ್ಕಳನ್ನು ದೊಡ್ಡ ಮಾಡಿದ ಜೀವ ಅದು. ಸೂಜಿ ಕಂಡು ಹೆದರುವವರಲ್ಲ. ಆದರೆ ಸಹಿ ಹಾಕುವ ಕಾಗದ ಕಂಡಾಗ ನನ್ನ ಮುಖ ನೋಡಿದರು. "ಕೊಡುವುದಾ ಮಗ?" ಎಂದು ಕೇಳಿದರು.

ಮನೆಯಲ್ಲಿ ನಾಲ್ಕಕ್ಷರ ಕಲಿತು ಮಾಷ್ಟ್ರು ಅನ್ನಿಸಿಕೊಂಡವನು ನಾನು. ಆ ನಾಲ್ಕು ಪುಟಗಳ ಮೇಲೆ ಕಣ್ಣಾಡಿಸಿದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಶಾಲೆಗೆ ಹೊತ್ತಾಗುತ್ತಿತ್ತು. "ಕೊಡಿ ದೊಡ್ಡಮ್ಮ, ಒಳ್ಳೆದಕ್ಕೇ" ಎಂದೆ. ಅವರು ತಮ್ಮ ಹೆಸರು ಬರೆದರು, ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ರಕ್ತ ತೆಗೆದ ಮೇಲೆ ದೊಡ್ಡಮ್ಮ ಕೇಳಿದರು: "ಇದರಲ್ಲಿ ಎಂತ ಉಂಟು ಅಂತ ಯಾವಾಗ ಹೇಳ್ತೀರಿ?" ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ಹೇಳಿದ: "ಏನಾದರೂ ಇದ್ದರೆ ತಿಳಿಸ್ತೇವೆ ಅಜ್ಜಿ."

ಯಾರೂ ಬರಲಿಲ್ಲ. ಬಾರದೇ ಇದ್ದದ್ದನ್ನು ದೊಡ್ಡಮ್ಮ ಒಳ್ಳೆಯ ಸುದ್ದಿ ಅಂತ ತಿಳಿದುಕೊಂಡರು. ಏನಾದರೂ ಇದ್ದರೆ ತಿಳಿಸ್ತೇವೆ ಎಂದಿದ್ದರಲ್ಲ, ತಿಳಿಸಲಿಲ್ಲ ಎಂದರೆ ಏನೂ ಇಲ್ಲ ಅಂತ ಲೆಕ್ಕ. ಶುಗರ್ ನೋಡಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ, "ನನ್ನ ರಕ್ತ ಕಾಲೇಜಿನವರೇ ನೋಡಿದ್ದಾರೆ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಂದೂವರೆ ವರ್ಷ ಕಳೆದ ಮೇಲೆ ಕಾಲಿನ ಹೆಬ್ಬೆರಳಿನಲ್ಲಿ ಒಂದು ಗಾಯ ಆಯಿತು, ಒಣಗಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಸಕ್ಕರೆ ಕಾಯಿಲೆ ತುಂಬ ಮುಂದುವರಿದಿತ್ತು. ಬೆರಳು ತೆಗೆಯಬೇಕಾಯಿತು.

ಆ ಬೆಳಗ್ಗಿನ ರಕ್ತದಲ್ಲಿ ಸಕ್ಕರೆ ಎಷ್ಟಿತ್ತು? ಸರಿಯಾಗಿಯೇ ಇದ್ದಿರಬಹುದು. ಹೆಚ್ಚಿದ್ದಿರಲೂಬಹುದು. ಆ ಸಂಖ್ಯೆ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಕೂತಿದೆ, ನೂರಾರು ಸಂಖ್ಯೆಗಳ ಜೊತೆ ಸೇರಿ ಒಂದು ಸರಾಸರಿ ಆಗಿದೆ. ಅದು ಯಾರ ದೇಹದಿಂದ ಹೊರಟಿತೋ ಅವರಿಗೆ ಮಾತ್ರ ಗೊತ್ತಾಗಲಿಲ್ಲ. ಆ ಮಕ್ಕಳನ್ನು ದೂರಲಿಕ್ಕೆ ನಾನಿದನ್ನು ಬರೆಯುತ್ತಿಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಸಾಕ್ಷಿ ಸಹಿ ಹಾಕಿದವನು ನಾನೇ ಎಂಬುದನ್ನೂ ಮರೆತಿಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಬ್ಬರ ದೇಹದಿಂದ, ಒಂದು ಊರಿನ ಕಾಯಿಲೆಯಿಂದ ಕಲಿತ ವಿದ್ಯೆ ಯಾರದ್ದು? ಕಲಿತವರದ್ದೋ, ಕೊಟ್ಟವರದ್ದೋ?

ಇದಕ್ಕೆ ಉತ್ತರ ಹುಡುಕಲು ದೊಡ್ಡ ಗ್ರಂಥ ತೆರೆಯುವ ಮೊದಲು ನಮ್ಮ ಅಡಿಕೆ ತೋಟಕ್ಕೆ ಹೋಗಿ ಬರೋಣ.

ಕೊಳೆರೋಗ, ನಾವು ಮಹಾಳಿ ಅನ್ನುವ ರೋಗ, ನಮ್ಮ ಅಜ್ಜಂದಿರ ಕಾಲಕ್ಕೂ ಹಿಂದಿನದ್ದು. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಬುಡದಲ್ಲಿ ರಾಶಿ ಬೀಳುತ್ತದೆ. ಹಿಂದೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೊಂದೇ ಉಪಾಯವಾಗಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಾಸ ಮಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟದವರು ಬಳಸುತ್ತಿದ್ದ ಬೋರ್ಡೋ ದ್ರಾವಣ ಇದಕ್ಕೂ ಹಿಡಿಯುತ್ತದೆ ಎಂದು ತೋರಿಸಿಕೊಟ್ಟರು. 1910ರಲ್ಲಿ ಅವರ ವರದಿ ಅಚ್ಚಾಯಿತು. ವರದಿ ಇಂಗ್ಲಿಷಿನಲ್ಲೇ ಇತ್ತು. ಆದರೆ ವಿದ್ಯೆ ಆ ಪುಸ್ತಕದಲ್ಲಿ ಉಳಿಯಲಿಲ್ಲ. ಇವತ್ತು ವರ್ಕಾಡಿಯಲ್ಲಿ ಮದ್ದು ಬಿಡುವ ಯಾವ ಕೆಲಸದವನನ್ನು ಕೇಳಿದರೂ ಹೇಳುತ್ತಾನೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕಲಸಿದ ಮೇಲೆ ಹೊಳೆಯುವ ಕತ್ತಿಯನ್ನು ಅದ್ದಿ ನೋಡಬೇಕು, ಕತ್ತಿಯ ಮೇಲೆ ಕೆಂಪು ಹಿಡಿದರೆ ಸುಣ್ಣ ಸಾಲದು. ಎಸ್ಸೆಸ್ಸೆಲ್ಸಿ ಮುಟ್ಟದವನಿಗೂ ಈ ರಸಾಯನಶಾಸ್ತ್ರ ಬಾಯಿಪಾಠ.

ನಮ್ಮ ಸುತ್ತ ಅಡಿಕೆ ತೆಂಗಿಗೆ ಸಂಶೋಧನೆಯ ಕೊರತೆ ಇಲ್ಲ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದ್ದು. ಅಲ್ಲಿನವರು 1972ರಲ್ಲಿ ಮಂಗಳ ತಳಿಯನ್ನು ಹೊರಗೆ ತಂದಾಗ ಅದರ ಗಿಡ ನಮ್ಮ ತೋಟಗಳಿಗೆ ಬಂತು. ಅಲ್ಲಿ ತರಬೇತಿ ಉಂಟು, ಮೇಳ ಉಂಟು, ಕನ್ನಡದ ಕಿರುಹೊತ್ತಗೆ ಉಂಟು. ಎಲೆ ಹಳದಿಯಾದರೆ ಹಿಡಿದುಕೊಂಡು ಹೋಗಿ "ಇದೆಂತ ರೋಗ?" ಎಂದು ಕೇಳಬಹುದು. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕೃಷಿಕನ ಕೈಗೇ ಪೆನ್ನು ಕೊಟ್ಟಿತು. ವಿಜ್ಞಾನಿ ಹೇಳಿದ್ದನ್ನು ರೈತ ಓದುವುದು ಮಾತ್ರ ಆಗಲಿಲ್ಲ, ರೈತ ಕಂಡದ್ದನ್ನು ವಿಜ್ಞಾನಿ ಓದುವುದೂ ಆಯಿತು.

ನ್ಯಾಯವಾದ ಸಂಶೋಧನೆ ಹೇಗಿರುತ್ತದೆ ಎಂದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಾವು ಕಂಡವರು. ರೋಗ ಬಂದದ್ದು ನಮ್ಮ ತೋಟಕ್ಕೆ, ಮಾದರಿ ಹೋದದ್ದು ನಮ್ಮ ತೋಟದಿಂದ, ಉತ್ತರ ಬಂದದ್ದು ನಮ್ಮ ತೋಟಕ್ಕೇ. ಅಡಿಕೆ ಮರಕ್ಕೆ ಸಿಕ್ಕಿದ ಈ ಮರ್ಯಾದೆ ಮರ ಹತ್ತುವವನಿಗೆ ಯಾಕೆ ಸಿಗಲಿಲ್ಲ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದ ಕೂಡಲೇ ಪಡ್ರೆ ನೆನಪಾಗುತ್ತದೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಅಲ್ಲಿನ ಸ್ವರ್ಗ ಎಂಬ ಊರು. ಕೇರಳ ತೋಟ ನಿಗಮದ ಗೇರು ತೋಟಗಳಿಗೆ ಚಹಾ ಸೊಳ್ಳೆಯ ಕಾಟ ತಡೆಯಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ಸುರಂಗದ ನೀರು, ತೋಡು. ಮೇಲೆ ಬಿದ್ದದ್ದು ಕೆಳಗೆ ಇಳಿಯಲೇಬೇಕಲ್ಲ. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲೇ ಗಮನಿಸಿ ಬರೆದರು. ವಾಣಿನಗರದಲ್ಲಿ ಸಣ್ಣ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರರಿಗೆ ಒಂದೇ ಓಣಿಯ ಮನೆಗಳಲ್ಲಿ ಮಾನಸಿಕ ಕಾಯಿಲೆ, ಅಪಸ್ಮಾರ, ಕ್ಯಾನ್ಸರ್, ಬುದ್ಧಿ ಬೆಳೆಯದ ಮಕ್ಕಳು, ಹೀಗೆ ಒಂದರ ಮೇಲೊಂದು ಕಾಣತೊಡಗಿದಾಗ ಅವರು ವೈದ್ಯಕೀಯ ಪತ್ರಿಕೆಗೆ ಬರೆದರು. ಇದಕ್ಕೆ ಕಾರಣ ಏನಿರಬಹುದು, ಯಾರಾದರೂ ಬಂದು ನೋಡಿ ಎಂದು ಬೇಡಿಕೊಂಡರು. ದಕ್ಷಿಣಕ್ಕೆ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು.

ಇದರಲ್ಲಿ ಒಂದು ವಿಷಯ ಗಮನಿಸಬೇಕು. ಪ್ರಶ್ನೆ ಹುಟ್ಟಿದ್ದು ಯಾವ ದೊಡ್ಡ ಸಂಸ್ಥೆಯಲ್ಲೂ ಅಲ್ಲ. ಹಟ್ಟಿಯಲ್ಲಿ ಕರು ನೋಡಿದವರಿಗೆ, ಓಣಿಯಲ್ಲಿ ರೋಗಿಯನ್ನು ನೋಡಿದವರಿಗೆ ಹುಟ್ಟಿತು. ಅದು ಪ್ರಯೋಗಾಲಯ ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಸಂಶೋಧನೆಯಲ್ಲಿ ನ್ಯಾಯ ಎಂದರೆ ಫಲಿತಾಂಶ ಹಂಚುವುದು ಎಂದು ನಾವು ತಿಳಿಯುತ್ತೇವೆ. ಅದಕ್ಕೂ ಮೊದಲಿನ ಮೆಟ್ಟಿಲು ಒಂದುಂಟು. ಯಾವ ಪ್ರಶ್ನೆ ಕೇಳಬೇಕು ಎಂದು ಯಾರು ತೀರ್ಮಾನಿಸುತ್ತಾರೆ? ಬಡ ಊರಿನ ಪ್ರಶ್ನೆ ಪ್ರಶ್ನೆಯೇ ಅಲ್ಲ ಎಂದು ಬದಿಗಿಟ್ಟರೆ ಮತ್ತೆ ಹಂಚಲಿಕ್ಕೆ ಎಂತ ಉಳಿಯುತ್ತದೆ?

ಕೊನೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಕೇಳಿದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2001ರಲ್ಲಿ ಬಂದರು. ಪಡ್ರೆಯ ಮಕ್ಕಳನ್ನು ಪರೀಕ್ಷಿಸಿದರು. ಒಂದು ಕಡೆಯ ಮಕ್ಕಳನ್ನು ನೋಡಿದರೆ ಸಾಲದು, ಮದ್ದು ಬೀಳದ ಊರಿನ ಮಕ್ಕಳ ಜೊತೆ ಹೋಲಿಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವುದು. ಹಾಗೆ ಹೋಲಿಕೆಗೆ ಆರಿಸಿಕೊಂಡದ್ದು ನಮ್ಮ ನೆರೆಯ ಮೀಂಜ ಪಂಚಾಯತನ್ನು. ಈ ಅಧ್ಯಯನದ ಒಂದು ಭಾಗ 2003ರಲ್ಲಿ ಅಮೆರಿಕದ ಒಂದು ಪರಿಸರ ಆರೋಗ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. 10ರಿಂದ 19 ವಯಸ್ಸಿನ ಹುಡುಗರು, ಆ ಕಡೆ 117 ಮಂದಿ, ಈ ಕಡೆ 90 ಮಂದಿ. ಮದ್ದು ಬಿದ್ದ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗಿರುವ ಸೂಚನೆ ಇತ್ತು, ಹಾರ್ಮೋನಿನಲ್ಲಿ ವ್ಯತ್ಯಾಸ ಇತ್ತು. ನೋಡಿದವರ ಸಂಖ್ಯೆ ಸಣ್ಣದು ಎಂಬ ಮಿತಿಯನ್ನು ಬರೆದವರೇ ಒಪ್ಪಿಕೊಂಡಿದ್ದಾರೆ. ಆ ಪತ್ರಿಕೆಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಬಾಗಿಲು ತೆರೆದೇ ಉಂಟು. ಆದರೆ ಒಳಗಿನ ಭಾಷೆ ವೈದ್ಯರ ಇಂಗ್ಲಿಷ್.

ನಾನು ಯೋಚಿಸುವುದು ಆ 90 ಹುಡುಗರ ಬಗ್ಗೆ. ಈಗ ಅವರೆಲ್ಲ ಮೂವತ್ತು ನಲ್ವತ್ತರ ಆಸುಪಾಸಿನ ಗಂಡಸರು. ಗಲ್ಫಿನಲ್ಲಿರಬಹುದು, ರಿಕ್ಷಾ ಓಡಿಸುತ್ತಿರಬಹುದು, ನಮ್ಮಲ್ಲೇ ಒಬ್ಬರ ಅಳಿಯ ಆಗಿರಬಹುದು. ಅವರಿಗೆ ರೋಗ ಇರಲಿಲ್ಲ. ಆದ್ದರಿಂದ ಅವರಿಗೆ ಪರಿಹಾರ ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಒಂದು ವಿಷ ಏನು ಮಾಡುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದು ಅವರೂ ರಕ್ತ ಕೊಟ್ಟದ್ದರಿಂದ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು, ಮೇ 13ರಂದು ನಮ್ಮ ಸುಪ್ರೀಂ ಕೋರ್ಟು ದೇಶದಲ್ಲೇ ತಡೆಯಿತು. ಅಷ್ಟು ದೊಡ್ಡ ತೀರ್ಮಾನಗಳ ಹಿಂದೆ ಮೀಂಜದ ಶಾಲಾ ಹುಡುಗರ ಒಂದೊಂದು ಸಿರಿಂಜು ರಕ್ತವೂ ಉಂಟು. ಅವರಲ್ಲಿ ಎಷ್ಟು ಮಂದಿಗೆ ಇದು ಗೊತ್ತುಂಟು? "ನೀನು ಕೊಟ್ಟದ್ದು ಹೀಗೆ ಉಪಯೋಗಕ್ಕೆ ಬಂತು" ಎಂದು ಹೇಳುವುದು ಅವರಿಗೆ ಸಲ್ಲಬೇಕಾದ ಬಾಕಿ ಎಂದೇ ನಾನು ತಿಳಿಯುತ್ತೇನೆ. ಅದಕ್ಕೆ ದುಡ್ಡು ಬೇಡ. ಶಾಲೆಯಲ್ಲಿ ಒಂದು ಸಂಜೆ ಸಾಕು.

ಇನ್ನೊಂದು ಕಷ್ಟದ ಮಾತನ್ನೂ ಹೇಳಬೇಕು. ಅದೇ ಕಾಲಕ್ಕೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ರಕ್ತ, ಹಾಲು, ನೀರು ಪರೀಕ್ಷಿಸಿ ವಿಷ ಉಂಟು ಎಂದರು. ತೋಟ ನಿಗಮ ಮಾಡಿಸಿದ ಪರೀಕ್ಷೆ ಇಲ್ಲ ಎಂದಿತು. ಮತ್ತೆ ಒಂದರ ಹಿಂದೆ ಒಂದು ಸಮಿತಿ. ಒಂದು ಬೇಡ ಎಂದರೆ ಇನ್ನೊಂದು ಸಾಕ್ಷಿ ಸಾಲದು ಎಂದಿತು. ವಿಜ್ಞಾನದಲ್ಲಿ ಸಂಶಯ ತಪ್ಪಲ್ಲ. ಸಂಶಯ ಇಲ್ಲದಿದ್ದರೆ ಅದು ವಿಜ್ಞಾನವೇ ಅಲ್ಲ. ಇವತ್ತಿಗೂ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೇ ಎಂದು ಕೇಳುವ ವೈದ್ಯರು ಇದ್ದಾರೆ, ಕೇಳುವ ಹಕ್ಕು ಅವರಿಗುಂಟು. ಆದರೆ ಸಂಶಯ ತೀರುವವರೆಗೆ ಕಾಯುವ ಖರ್ಚು ಯಾರ ತಲೆಗೆ? ಸಮಿತಿಯವರು ಕಾಯುವುದು ಕಚೇರಿಯಲ್ಲಿ. ತಾಯಿ ಕಾಯುವುದು ತಲೆ ಎತ್ತಲಾಗದ ಮಗುವನ್ನು ತೊಡೆಯಲ್ಲಿಟ್ಟುಕೊಂಡು. ಕಾಯುವ ಭಾರ ಇಬ್ಬರಿಗೂ ಒಂದೇ ಅಲ್ಲದಿದ್ದಾಗ, ಸಂಶಯದ ಲಾಭ ಯಾರಿಗೆ ಹೋಗಬೇಕು ಎನ್ನುವುದು ವಿಜ್ಞಾನದ ಪ್ರಶ್ನೆ ಮಾತ್ರ ಆಗಿ ಉಳಿಯುವುದಿಲ್ಲ, ನ್ಯಾಯದ ಪ್ರಶ್ನೆ ಆಗುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು. ಕೊಟ್ಟು ಮುಗಿಯಲಿಲ್ಲ ಎಂದು 2022ರಲ್ಲಿ ಅದೇ ಕೋರ್ಟು ಮತ್ತೆ ಗದರಬೇಕಾಯಿತು. ಆ ನಡುವೆ ತೀರಿಕೊಂಡವರಿಗೆ ಯಾವ ವರದಿಯೂ ಬೇಡವಾಯಿತು.

ಹಾಗಂತ, ಊರಿನವರು ಹೇಳಿದ್ದೇ ಸರಿ, ಸಂಶೋಧಕರು ಅದನ್ನೇ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡಿನ ಕತೆ ನೋಡಿ. 1975ರ ಹೊತ್ತಿಗೆ ಅಲ್ಲಿ ಒಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಣಕಾಲಿನ ಗಂಟು ಸವೆದು ಜನ ನಡೆಯಲಾರದೆ ಹೋದರು, ಕೆಲವರು ಗಿಡ್ಡವಾಗಿ ಉಳಿದರು. ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ. ಗದ್ದೆಗೆ ಹೊಡೆದ ಮದ್ದು, ಆ ಗದ್ದೆಯ ಏಡಿ ತಿಂದದ್ದು ಕಾರಣ ಎಂಬ ಸಂಶಯ ಮೊದಲು ಇತ್ತು. ಮುಂದೆ ನಡೆದ ಅಧ್ಯಯನಗಳು ಇದು ವಂಶದಲ್ಲಿ ಹರಿದು ಬರುವ ಕಾಯಿಲೆ ಎಂದು ತೋರಿಸಿದವು. ಅಂದರೆ ಮೊದಲ ಊಹೆ ನಿಲ್ಲಲಿಲ್ಲ. ಇಂಥ ಉತ್ತರವನ್ನೂ ಒಪ್ಪಿಕೊಳ್ಳಲು ನಾವು ಸಿದ್ಧರಿರಬೇಕು. ನಮಗೆ ಬೇಕಾದ ಉತ್ತರ ಬಂದರೆ ಮಾತ್ರ ಸಂಶೋಧನೆ ಒಳ್ಳೆಯದು ಎಂದರೆ ನಾವೂ ನ್ಯಾಯ ಬಿಟ್ಟ ಹಾಗೆ.

ಆದರೆ ಆ ಜನರ ಇನ್ನೊಂದು ಕಷ್ಟವನ್ನು ಮರೆಯಬಾರದು. ವರ್ಷ ವರ್ಷ ಬೇರೆ ಬೇರೆ ತಂಡ ಬಂದು ರಕ್ತ ತೆಗೆದುಕೊಂಡು, ಎಕ್ಸ್‌ರೇ ತೆಗೆದು ಹೋದರೆ, ಗುಣವಾಗುವ ಮದ್ದು ಮಾತ್ರ ಬರದಿದ್ದರೆ, ಅಂಥವರು "ಇನ್ನು ರಕ್ತ ಕೊಡುವುದಿಲ್ಲ" ಎಂದು ಹೇಳಿದರೆ ತಪ್ಪು ಎನ್ನುವವರು ಯಾರು? ಮದ್ದಿಲ್ಲದ ಕಾಯಿಲೆ ಇರಬಹುದು. ಆಗಲೂ ಕೊಡಬಹುದಾದದ್ದು ಉಂಟು: ಇದು ಮಕ್ಕಳಿಗೆ ಬರುವ ಸಂಭವ ಎಷ್ಟು ಎಂಬ ಸತ್ಯ, ನೋವು ತಗ್ಗಿಸುವ ಚಿಕಿತ್ಸೆ, ಊರುಗೋಲು, ಪಿಂಚಣಿ. ರೋಗ ಗುಣ ಮಾಡಲಾಗದವನಿಗೂ ರೋಗಿಯ ಜೊತೆ ಕೂತು ಮಾತಾಡಲು ಆಗುತ್ತದೆ.

ಈಗ ಎದುರು ವಾದ. ತಾಳಮದ್ದಳೆಯಲ್ಲಿ ಎದುರು ಪಾತ್ರಕ್ಕೂ ಪೂರ್ತಿ ಮಾತು ಬಿಡಬೇಕಲ್ಲ.

ಮೊದಲನೇ ವಾದ: "ಹಳ್ಳಿಯವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ, ಸುಮ್ಮನೆ ಹೆದರುತ್ತಾರೆ." ಬೋರ್ಡೋ ದ್ರಾವಣದ ಹದ ಅರ್ಥ ಮಾಡಿಕೊಂಡವರಿಗೆ ರಕ್ತದ ಸಕ್ಕರೆಯ ಹದ ಅರ್ಥ ಆಗುವುದಿಲ್ಲವೇ? ರಾತ್ರಿಯಿಡೀ ಕೂತು ಕೃಷ್ಣ ಹೇಳಿದ್ದು ಸರಿಯೋ ಭೀಷ್ಮ ಹೇಳಿದ್ದು ಸರಿಯೋ ಎಂದು ತೂಗಿ ನೋಡುವ ಜನ ನಾವು. ಅರ್ಥ ಆಗದಿದ್ದರೆ ಹೇಳಿದ ಕ್ರಮದಲ್ಲಿ ಏನೋ ಕೊರತೆ ಉಂಟು ಎಂದೇ ತಿಳಿಯಬೇಕು. ಇನ್ನು ಹೆದರಿಕೆ. ದೊಡ್ಡಮ್ಮನಿಗೆ ಆ ದಿನ ಹೆದರಿಕೆ ಆಗಿದ್ದರೆ ಅವರ ಬೆರಳು ಉಳಿಯುತ್ತಿತ್ತೋ ಏನೋ.

ಎರಡನೇ ವಾದ ಇದಕ್ಕಿಂತ ಗಟ್ಟಿ: "ಸಂಶೋಧನೆ ಎಂದರೆ ಚಿಕಿತ್ಸೆ ಅಲ್ಲ. ನೂರಾರು ಮನೆಗೆ ಮತ್ತೆ ಹೋಗಿ ಹೇಳಲು ಜನ ಇಲ್ಲ, ದುಡ್ಡಿಲ್ಲ. ಅಷ್ಟೆಲ್ಲ ಕೇಳಿದರೆ ಯಾರೂ ನಿಮ್ಮ ಊರಿಗೆ ಬರುವುದಿಲ್ಲ. ಸಂಶೋಧನೆಯೇ ನಡೆಯದ ಊರು ಇನ್ನೂ ಹಿಂದೆ ಬೀಳುತ್ತದೆ." ಇದರಲ್ಲಿ ಸತ್ಯ ಉಂಟು. ಯಾರೂ ಬಾರದೇ ಇರುವುದೂ ಅನ್ಯಾಯವೇ. ಪಡ್ರೆಯವರು ಇಪ್ಪತ್ತು ವರ್ಷ ಅನುಭವಿಸಿದ್ದು ಅದನ್ನೇ. ಆದರೆ ಮದುವೆಗೆ ಖರ್ಚಿನ ಪಟ್ಟಿ ಹಾಕುವಾಗ ಊಟದ ಖರ್ಚನ್ನು ಬಿಟ್ಟು ಬರೆಯುವವರುಂಟೇ? ಹಿಂತಿರುಗಿ ಬಂದು ಹೇಳುವ ಖರ್ಚನ್ನೂ ಮೊದಲೇ ಲೆಕ್ಕದಲ್ಲಿ ಸೇರಿಸಬೇಕು. ಅದು ಅವರ ಉಪಕಾರ ಅಲ್ಲ, ನಿಯಮದಲ್ಲೂ ಉಂಟು. ವಿಶ್ವ ವೈದ್ಯಕೀಯ ಸಂಘ 1964ರಲ್ಲಿ ಹೆಲ್ಸಿಂಕಿಯಲ್ಲಿ ಹೊರಡಿಸಿ ಆಮೇಲೆ ತಿದ್ದುತ್ತಾ ಬಂದ ಘೋಷಣೆಯಲ್ಲಿ, ಸಂಶೋಧನೆಗೆ ಒಳಗಾದವರಿಗೆ ಬೇಕಿದ್ದರೆ ಒಟ್ಟು ಫಲಿತಾಂಶ ತಿಳಿಸಬೇಕು ಎಂಬ ಮಾತು ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಒಪ್ಪಿಗೆ ಪತ್ರ ಕೊಡುವವರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದು ಬಾರದವರಿಗೆ ಪಕ್ಷಪಾತ ಇಲ್ಲದ ಸಾಕ್ಷಿ ಬೇಕು, ಅಧ್ಯಯನದ ಪ್ರಯೋಜನ ಆ ಸಮುದಾಯಕ್ಕೂ ಮುಟ್ಟಬೇಕು ಎನ್ನುತ್ತದೆ.

ಸಾಕ್ಷಿ ಎಂದಾಗ ನನ್ನ ಸಹಿ ನನಗೇ ಚುಚ್ಚುತ್ತದೆ. ಇದು ನಾವು ಶಿಕ್ಷಕರೆಲ್ಲ ಯೋಚಿಸಬೇಕಾದ ವಿಷಯ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವಯಸ್ಸಿನ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಒಂದು ಅಧ್ಯಯನ ನಡೆಯಿತು. ತುಂಬ ಮಕ್ಕಳು ಬುಡಕಟ್ಟಿನವರು, ಹಾಸ್ಟೆಲಿನಲ್ಲಿದ್ದವರು. ಕೆಲವು ಮಕ್ಕಳು ತೀರಿಕೊಂಡ ಸುದ್ದಿ ಬಂದು 2010ರಲ್ಲಿ ಅದನ್ನು ನಿಲ್ಲಿಸಿದರು. ಸಾವಿಗೆ ಲಸಿಕೆ ಕಾರಣ ಎಂದು ತನಿಖೆಯಲ್ಲಿ ಕಂಡುಬರಲಿಲ್ಲ. ಲಸಿಕೆ ಒಳ್ಳೆಯದೇ, ಬೇರೆ ದೇಶಗಳಲ್ಲಿ ಕೋಟಿಗಟ್ಟಲೆ ಮಕ್ಕಳು ಹಾಕಿಸಿಕೊಂಡಿದ್ದಾರೆ. ಆದರೆ ಒಪ್ಪಿಗೆ ಪತ್ರ ನೋಡಿದಾಗ ಸಾವಿರಾರು ಪತ್ರಗಳಿಗೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನರು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಟೀಕಿಸಿತು. ಆ ವಾರ್ಡನರು ಕೆಟ್ಟವರು ಎಂದು ನನಗೆ ಅನಿಸುವುದಿಲ್ಲ. "ಒಳ್ಳೆದಕ್ಕೇ" ಎಂದು ನನ್ನ ಹಾಗೆಯೇ ಹೇಳಿರಬಹುದು. ಅಕ್ಷರ ಕಲಿತವನ ಅವಸರ, ಕಲಿಯದವರ ನಂಬಿಕೆ, ಎರಡೂ ಸೇರಿದಾಗ ಒಪ್ಪಿಗೆ ಎಂಬುದು ಬರೇ ಕಾಗದ ಆಗುತ್ತದೆ. ಊರಿನವರು ನಮ್ಮನ್ನು ನಂಬಿ ಮುಖ ನೋಡುವಾಗ ನಾವು ಕಾಗದ ಓದಬೇಕಿತ್ತು. ನಾನು ಗಡಿಯಾರ ನೋಡಿದೆ.

ವರ್ಕಾಡಿಯಂಥ ಊರಿಗೆ ಇನ್ನೆರಡು ತೊಡಕು ಉಂಟು. ಒಂದು ಗಡಿ. ನಮ್ಮ ರೇಶನ್ ಕಾರ್ಡು ಕೇರಳದ್ದು, ನಮ್ಮ ಆಸ್ಪತ್ರೆ ಹೆಚ್ಚಾಗಿ ಆಚೆ ಮಂಗಳೂರು ಕಡೆಯದ್ದು. 2020ರ ಮಾರ್ಚಿನಲ್ಲಿ ಕೊರೋನ ಬಂದು ತಲಪಾಡಿಯಲ್ಲಿ ದಾರಿ ಮುಚ್ಚಿದಾಗ, ಒಳದಾರಿಗಳಿಗೂ ಮಣ್ಣು ಹಾಕಿದಾಗ ಈ ಸತ್ಯ ಎಲ್ಲರಿಗೂ ಗೊತ್ತಾಯಿತು. ಡಯಾಲಿಸಿಸಿಗೆ ಹೋಗುವವರು, ಹೃದಯದ ಕಾಯಿಲೆಯವರು ದಾರಿಯಲ್ಲೇ ಉಳಿದರು, ಕೆಲವರು ಜೀವವನ್ನೇ ಬಿಟ್ಟರು. ಆರೋಗ್ಯದ ಲೆಕ್ಕದಲ್ಲೂ ಇಂಥ ಗೋಡೆ ಬರದಂತೆ ನೋಡಬೇಕು. ಆಚೆ ಚಿಕಿತ್ಸೆ ಪಡೆದವನ ಕಾಯಿಲೆ ಈಚೆಯ ಲೆಕ್ಕದಲ್ಲಿ ಕಾಣದಿದ್ದರೆ, ಈ ಊರಿನಲ್ಲಿ ಆ ಕಾಯಿಲೆ ಉಂಟು ಎಂದೇ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಭಾಷೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಡಾಕ್ಟರ ಚೀಟಿಯಲ್ಲಿ ಇಂಗ್ಲಿಷ್. ಕನ್ನಡದವರು ಸರಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಅರ್ಜಿಗೆ ಇರುವ ಹಕ್ಕು ದೇಹಕ್ಕೆ ಬೇಡವೇ? ಯಾವ ಭಾಷೆಯಲ್ಲಿ "ನೋವು ಎಲ್ಲಿ?" ಎಂದು ಕೇಳಿ ಬರೆದುಕೊಂಡರೋ ಅದೇ ಭಾಷೆಯಲ್ಲಿ ಉತ್ತರವನ್ನೂ ಹೇಳಬಹುದಲ್ಲ.

ದಕ್ಷಿಣ ಆಫ್ರಿಕದ ಸಾನ್ ಜನರು ನಮಗಿಂತ ಬಡವರು. ಕಾಡಿನಲ್ಲಿ ಬದುಕಿದವರು. ಅವರ ಭಾಷೆ, ಗಿಡಮೂಲಿಕೆ, ರಕ್ತ ಎಲ್ಲವನ್ನೂ ದಶಕಗಟ್ಟಲೆ ಹೊರಗಿನವರು ಅಧ್ಯಯನ ಮಾಡಿದರು. ಬೇಸತ್ತು 2017ರಲ್ಲಿ ಅವರು ತಮ್ಮದೇ ಒಂದು ನಿಯಮಾವಳಿ ಮಾಡಿದರು: ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ. ಸಂಶೋಧಕರು ಬರುವುದಾದರೆ ಬಾಗಿಲಿನಿಂದ ಬರಲಿ, ಕಿಟಕಿಯಿಂದ ಬೇಡ ಎಂಬುದು ಅವರ ಮುಖಂಡರ ಮಾತಿನ ಸಾರ. ಅವರು ಬರುವುದೇ ಬೇಡ ಎನ್ನಲಿಲ್ಲ, ಬಾಗಿಲು ತೋರಿಸಿದರು.

ನಮ್ಮ ಊರಿನ ಬಾಗಿಲು ಯಾವುದು? ಈ ವಾಚನಾಲಯವೇ ಆಗಬಹುದು ಎಂದು ನನಗೆ ಅನಿಸುತ್ತದೆ. ಇಲ್ಲಿ ಮೇಜು ಉಂಟು, ಬೆಂಚು ಉಂಟು, ಓದಲು ಬರುವ ಮಕ್ಕಳುಂಟು. ಒಂದು ದಪ್ಪ ಪುಸ್ತಕ ಇಡೋಣ. ಯಾರಾದರೂ ಅಧ್ಯಯನಕ್ಕೆ ಬಂದರೆ ಯಾರು, ಎಲ್ಲಿಂದ, ಏನು ತಿಳಿಯಲು ಬಂದದ್ದು, ಯಾರ ಮನೆಯಲ್ಲಿ ಏನು ತೆಗೆದುಕೊಂಡರು, ಯಾವಾಗ ಬಂದು ಉತ್ತರ ಹೇಳುತ್ತಾರೆ ಎಂದು ಬರೆದು ಸಹಿ ಹಾಕಿ ಹೋಗಲಿ. ಒಪ್ಪಿಗೆ ಪತ್ರದ ಒಂದು ಪ್ರತಿ ಮನೆಯವರ ಕೈಯಲ್ಲಿ ಉಳಿಯಲಿ. ಹೇಳಿದ ತಿಂಗಳು ದಾಟಿದರೆ ನಾವೇ ಫೋನು ಮಾಡೋಣ. ಉತ್ತರ ಬಂದಾಗ ಒಂದು ಭಾನುವಾರ ಎಲ್ಲರೂ ಕೂತು ಕನ್ನಡದಲ್ಲಿ ಓದಿಸೋಣ, ತುಳುವಿನಲ್ಲೂ ಮಲಯಾಳದಲ್ಲೂ ಬಿಡಿಸಿ ಹೇಳೋಣ. ಒಬ್ಬೊಬ್ಬರ ಸ್ವಂತ ರಿಪೋರ್ಟು ಮಾತ್ರ ಅವರವರ ಕೈಗೇ ಹೋಗಲಿ, ಅದು ಊರಿನ ಮಾತಿಗೆ ಇರುವಂಥದ್ದಲ್ಲ. ನಮ್ಮ ಕಡೆಯಿಂದಲೂ ಕರ್ತವ್ಯ ಉಂಟು. ಕೇಳಿದ್ದಕ್ಕೆ ಸುಳ್ಳು ಹೇಳದೆ ಉತ್ತರಿಸಬೇಕು. ಕುಡಿಯುವುದಿಲ್ಲ, ಬೀಡಿ ಎಳೆಯುವುದಿಲ್ಲ ಎಂದು ಮಾನಕ್ಕಾಗಿ ಬರೆಸಿದರೆ ತಪ್ಪು ಉತ್ತರ ಬರುವುದು ನಮ್ಮಿಂದಲೇ.

ದೊಡ್ಡಮ್ಮ ಈಗಲೂ ಇದ್ದಾರೆ. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಈ ಲೇಖನ ಬರೆಯುವ ಮೊದಲು ಅವರನ್ನು ಕೇಳಿದೆ: "ಇನ್ನೊಮ್ಮೆ ಕಾಲೇಜಿನ ಮಕ್ಕಳು ಬಂದರೆ ರಕ್ತ ಕೊಡ್ತೀರಾ ದೊಡ್ಡಮ್ಮ?" ಬೇಡ ಎಂದಾರು ಎಂದುಕೊಂಡಿದ್ದೆ. ಅವರು ಸ್ವಲ್ಪ ಯೋಚಿಸಿ, "ಕೊಡುವ. ಪಾಪ, ಕಲಿಯುವ ಮಕ್ಕಳಲ್ವಾ" ಎಂದರು. ಮತ್ತೆ ನನ್ನ ಕಡೆ ತಿರುಗಿ ಹೇಳಿದರು: "ಈ ಸಲ ಕಾಗದ ನೀನು ಸರಿಯಾಗಿ ಓದು."